ಬಣ್ಣ ನೋಡಿ ಕೊಟ್ಟ ಜಾಗ: ಶಿವಮೊಗ್ಗದ ಒಂದು ಬ್ಯಾಸ್ಕೆಟ್‌ಬಾಲ್ ಪ್ರಕರಣ

ಈ ಪ್ರಕರಣದಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಅದಕ್ಕೇ ಇದನ್ನು ಬರೆದಿಡಬೇಕು ಅನ್ನಿಸಿತು. ಶಿವಮೊಗ್ಗದ ಒಂದು ಪದವಿ ಕಾಲೇಜು, ಅಲ್ಲಿ ಬಹಳ ವರ್ಷಗಳಿಂದ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿರುವ ತರಬೇತುದಾರರು, ಯಲ್ಲಾಪುರದ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ಒಬ್ಬ ಸಿದ್ದಿ ಹುಡುಗ, ಅಂದರೆ ಆಫ್ರಿಕಾ ಮೂಲದ ನಮ್ಮ ಕಾಡಿನಂಚಿನ ಸಮುದಾಯದವನು. ಹುಡುಗನನ್ನು ತಂಡಕ್ಕೆ ಕರೆದದ್ದು ಅಕ್ಕರೆಯಿಂದಲೇ, ಅವನು ಒಂದೇ ಸೀಸನ್ನಿನಲ್ಲಿ ಅಂಗಳಕ್ಕೆ ಬರುವುದನ್ನು ಬಿಟ್ಟದ್ದೂ ಆ ಅಕ್ಕರೆಯ ರೀತಿಯಿಂದಲೇ. ನಾನು ಬೇರೊಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುವವನು. ಅಂತರ ಕಾಲೇಜು ಪಂದ್ಯದ ದಿನ ಸ್ಕೋರ್ ಟೇಬಲ್‌ನಲ್ಲಿ ಕೂತಿದ್ದೆ. ಆಮೇಲೆ ನಡೆದ ಮಾತುಕತೆಗೂ ನನ್ನನ್ನು ಕರೆದರು. ಹೆಸರುಗಳನ್ನು ಬಿಟ್ಟಿದ್ದೇನೆ, ಕಾಲೇಜಿನ ಗುರುತೂ ಬೇಡ. ನಮ್ಮ ಜಿಲ್ಲೆಯ ಯಾವ ಮೈದಾನದಲ್ಲಾದರೂ ಇದು ನಡೆಯಬಹುದಿತ್ತು.

ನಡೆದದ್ದು

ಹುಡುಗ ಬಿ.ಕಾಂ. ಮೊದಲ ವರ್ಷ. ಎತ್ತರ ಐದಡಿ ಒಂಬತ್ತು ಇಂಚು. ಊರಿನಲ್ಲಿ ಫುಟ್ಬಾಲ್ ಆಡಿದ್ದ, ಹೈಸ್ಕೂಲಿನಲ್ಲಿ 400 ಮೀಟರ್ ಓಡಿದ್ದ. ಬ್ಯಾಸ್ಕೆಟ್‌ಬಾಲ್ ರಿಂಗನ್ನು ಹತ್ತಿರದಿಂದ ನೋಡಿದ್ದೇ ಶಿವಮೊಗ್ಗಕ್ಕೆ ಬಂದ ಮೇಲೆ. ಅವನ ಊರಿನಿಂದ ಶಿರಸಿ, ಸಿದ್ದಾಪುರ, ಸಾಗರ ದಾಟಿ ಶಿವಮೊಗ್ಗಕ್ಕೆ ಬರುವ ಅಷ್ಟೂ ದಾರಿಯಲ್ಲಿ ಕಾಂಕ್ರೀಟ್ ಅಂಗಳ, ನೆಟ್ಟಗೆ ನಿಂತ ಬೋರ್ಡು, ಹರಿಯದ ನೆಟ್ ಮೂರೂ ಒಟ್ಟಿಗಿರುವ ಜಾಗಗಳನ್ನು ಬೆರಳಲ್ಲಿ ಎಣಿಸಬಹುದು.

ಕಾಲೇಜಿನ ತರಬೇತುದಾರರು ಅವನನ್ನು ನೋಡಿದ್ದು ಹಾಸ್ಟೆಲ್ ಮುಂದಿನ ಬಯಲಲ್ಲಿ. ಹುಡುಗರು ಮಾವಿನ ಮರದ ಕೊಂಬೆಗೆ ಹಾರಿ ಕೈ ತಾಗಿಸುವ ಪಂದ್ಯ ಕಟ್ಟಿದ್ದರು, ಇವನು ಎಲ್ಲರಿಗಿಂತ ಮೇಲೆ ಹಾರಿದ. ಮರುದಿನವೇ ಕರೆ ಹೋಯಿತು. ತಂಡದ ಹುಡುಗರಿಗೆ ಅವರು ಪರಿಚಯಿಸಿದ ಮಾತು ನನಗೆ ಆಮೇಲೆ ಹಲವರ ಬಾಯಲ್ಲಿ ಕೇಳಸಿಕ್ಕಿತು: ‘ನೋಡ್ರೋ, ನಮಗೂ ಒಬ್ಬ ಎನ್‌ಬಿಎ ಪ್ಲೇಯರ್ ಸಿಕ್ಕಿದ.’ ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗು. ಹುಡುಗರು ಚಪ್ಪಾಳೆ ತಟ್ಟಿದರಂತೆ.

ಅವನನ್ನು ಸೆಂಟರ್ ಜಾಗಕ್ಕೆ ಹಾಕಿದರು. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಸೆಂಟರ್ ಎಂದರೆ ರಿಂಗಿನ ಕೆಳಗೆ ಎದುರಾಳಿಯ ಅತಿ ಎತ್ತರದವನಿಗೆ ಬೆನ್ನು ಕೊಟ್ಟು ನಿಲ್ಲುವವನು. ತಳ್ಳಾಟ, ಮೊಣಕೈ ಪೆಟ್ಟು, ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು) ಎಲ್ಲ ಅವನ ಪಾಲು. ತಂಡದಲ್ಲಿ ಆರಡಿ ಎರಡು ಇಂಚಿನ ಹುಡುಗನೊಬ್ಬ ಆಗಲೇ ಇದ್ದ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು, ಬೆಳ್ಳಗೆ, ಸಪೂರ. ಅವನು ದೂರದಿಂದ ಶೂಟ್ ಮಾಡುವ ಜಾಗದಲ್ಲಿದ್ದ. ‘ಅವನು ಸಾಫ್ಟು, ಒಳಗೆ ತಡೆಯಲ್ಲ’ ಅನ್ನುವುದು ತರಬೇತುದಾರರ ಲೆಕ್ಕ. ತನಗಿಂತ ಐದು ಇಂಚು ಎತ್ತರದವನು ತಂಡದಲ್ಲೇ ಇರುವಾಗ ಸಿದ್ದಿ ಹುಡುಗನನ್ನು ರಿಂಗಿನ ಕೆಳಗೆ ನಿಲ್ಲಿಸಿದ್ದು ಯಾವ ಅಳತೆಯಿಂದ? ಟೇಪಿನಿಂದ ಅಲ್ಲ ಅನ್ನುವುದಂತೂ ಖಚಿತ.

ಮಳೆಗಾಲ ಮುಗಿದು ಅಂಗಳದ ಪಾಚಿ ಕೆರೆದ ಮೇಲೆ ಅಭ್ಯಾಸ ಶುರುವಾಯಿತು. ಹುಡುಗನಿಗೆ ಹೇಳಿಕೊಟ್ಟದ್ದು ಎರಡೇ ಕೆಲಸ: ಹಾರಿ ಚೆಂಡು ಹಿಡಿ, ಹಿಡಿದದ್ದನ್ನು ಗಾರ್ಡ್ ಕೈಗೆ, ಅಂದರೆ ಚೆಂಡು ಮುಂದೆ ಒಯ್ದು ಆಟ ನಡೆಸುವವನ ಕೈಗೆ, ಕೊಡು. ಉಳಿದವರು ಶೂಟಿಂಗ್ ಸಾಲಿನಲ್ಲಿ ನಿಂತಾಗ ಇವನು ಒಂದು ಕಡೆ ಸ್ಕಿಪ್ಪಿಂಗ್ ಮಾಡುತ್ತಿದ್ದ. ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡುವುದು) ಕಲಿಯುತ್ತೇನೆ ಅಂದರೆ ‘ನಿನಗೆ ಅದರ ಅಗತ್ಯವಿಲ್ಲ ಮಾರಾಯಾ, ನಿನ್ನ ರಕ್ತದಲ್ಲೇ ಇದೆ’ ಎಂಬ ಉತ್ತರ. ರಕ್ತದಲ್ಲಿ ಇದ್ದದ್ದು ಡ್ರಿಬಲ್ಲೋ ರೀಬೌಂಡೋ ಎಂದು ಅವನು ಕೇಳಲಿಲ್ಲ. ಹೊಸ ಊರು, ಹೊಸ ಕಾಲೇಜು, ಕೇಳುವ ಧೈರ್ಯವಾದರೂ ಎಲ್ಲಿಂದ ಬರಬೇಕು?

ಪಂದ್ಯದ ದಿನ ಎದುರಾಳಿ ತಂಡದಲ್ಲಿ ಆರಡಿ ಮೂರು ಇಂಚಿನ ಸೆಂಟರ್ ಇದ್ದ. ಮೊದಲ ಕ್ವಾರ್ಟರ್ ಮುಗಿಯುವ ಹೊತ್ತಿಗೆ ನಮ್ಮ ಹುಡುಗನ ಹೆಸರಿನ ಮುಂದೆ ಎರಡು ಫೌಲ್ ಬರೆದಿದ್ದೆ. ಮೂರನೆಯ ಕ್ವಾರ್ಟರಿನ ನಡುವೆ ಐದನೆಯ ಫೌಲೂ ಬಿತ್ತು, ಅವನು ಹೊರಗೆ ಬಂದ. ಎತ್ತರದವನ ಎದುರು ಕುಳ್ಳನನ್ನು ನಿಲ್ಲಿಸಿದರೆ ಕೈ ಮೇಲೆ ಹೋಗಿಯೇ ಹೋಗುತ್ತದೆ, ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಗ್ಯಾಲರಿಯಿಂದ ಬರುತ್ತಿದ್ದ ಕೂಗನ್ನು ಮಾತ್ರ ಮರೆಯುವ ಹಾಗಿಲ್ಲ. ಅವನು ಚೆಂಡು ಹಿಡಿದಾಗ ‘ವೆಸ್ಟ್ ಇಂಡೀಸ್! ವೆಸ್ಟ್ ಇಂಡೀಸ್!’ ಹೊರಗೆ ಬಂದಾಗ ಅದಕ್ಕಿಂತ ಕೊಳಕಾದದ್ದು. ಕೂಗಿದವರಲ್ಲಿ ಅವನದೇ ಕಾಲೇಜಿನವರೂ ಇದ್ದರು, ಅವರ ಪಾಲಿಗೆ ಅದು ಹುರಿದುಂಬಿಸುವ ಕೂಗು.

ಮುಂದಿನ ವಾರದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ. ವಾರ್ಡನ್ ವಿಚಾರಿಸಿದರೆ ‘ಓದೋದಿದೆ ಸರ್’ ಅಂದ. ತರಬೇತುದಾರರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ‘ನಾನು ಅವನಿಗೆ ಮರ್ಯಾದೆ ಕೊಟ್ಟೆ. ಮೊದಲ ವರ್ಷದವನನ್ನು ಮೊದಲ ಐವರಲ್ಲಿ ಆಡಿಸಿದೆ. ಇನ್ನೇನು ಮಾಡಬೇಕಿತ್ತು?’ ಎಂದು ನನ್ನನ್ನೇ ಕೇಳಿದರು. ಅದು ಹಾರಿಕೆಯ ಪ್ರಶ್ನೆಯಾಗಿರಲಿಲ್ಲ. ಹಾಗಾಗಿ ಉತ್ತರವೂ ಸ್ವಲ್ಪ ಉದ್ದವಾಯಿತು. ಮುಂದಿನದು ಬಹುಪಾಲು ಆ ಉತ್ತರವೇ.

ರಕ್ತದಲ್ಲಿದೆ ಎನ್ನುವ ಮಾತು ಯಾರ ಯಾರ ಮೇಲೆ ಓಡಾಡಿದೆ

ಇವತ್ತು ಎನ್‌ಬಿಎ ಆಟಗಾರರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ ಕಪ್ಪು ವರ್ಣದವರು. ಟಿವಿ ನೋಡುವ ಯಾರಿಗೂ ಇದು ಕಣ್ಣಿಗೆ ಬೀಳುತ್ತದೆ, ನಮ್ಮ ತರಬೇತುದಾರರ ಕಣ್ಣಿಗೂ ಬಿದ್ದಿತ್ತು. ಅದರಿಂದ ‘ಕಪ್ಪಗಿರುವವರಿಗೆ ಈ ಆಟ ಹುಟ್ಟಿನಿಂದಲೇ ಬರುತ್ತದೆ’ ಎಂಬಲ್ಲಿಗೆ ಜಿಗಿಯುವುದು ಬಹಳ ಸುಲಭ. ತೊಂದರೆ ಏನೆಂದರೆ, ನೂರು ವರ್ಷದೊಳಗೆ ಇದೇ ಮಾತನ್ನು ಇದೇ ಆಟದ ಬಗ್ಗೆ ಬೇರೆ ಜನರ ಮೇಲೂ ಹೇಳಿದ್ದಾರೆ.

1930ರ ದಶಕದಲ್ಲಿ ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ಯಹೂದಿಗಳ ಆಟ. ವಲಸೆ ಬಂದವರ ಇಕ್ಕಟ್ಟಿನ ಕೇರಿಗಳು, ಸಣ್ಣ ಜಿಮ್ನೇಷಿಯಂಗಳು, ಒಂದು ಚೆಂಡಿದ್ದರೆ ಹತ್ತು ಹುಡುಗರಿಗೆ ಸಾಕಾಗುವ ಆಟ. ಫಿಲಡೆಲ್ಫಿಯಾದ ಸ್ಫಾಸ್ ಎಂಬ ಯಹೂದಿ ತಂಡ ಆ ಕಾಲದ ದೊಡ್ಡ ಹೆಸರು. ಆಗಿನ ಕ್ರೀಡಾ ಅಂಕಣಕಾರರು ಇದಕ್ಕೂ ರಕ್ತದ ಕಾರಣವನ್ನೇ ಕೊಟ್ಟರು: ಯಹೂದಿಗಳದು ಚುರುಕಾದ, ಹೂಟ ಹೂಡುವ ಬುದ್ಧಿ, ತಪ್ಪಿಸಿಕೊಳ್ಳುವ ಚಾಕಚಕ್ಯತೆ ಅವರಿಗೆ ಹುಟ್ಟುಗುಣ, ಕುಳ್ಳಗಿರುವುದರಿಂದ ಸಮತೋಲನವೂ ಚೆನ್ನಾಗಿರುತ್ತದೆ ಅಂತ. ಹೌದು, ಕುಳ್ಳಗಿರುವುದು ಬ್ಯಾಸ್ಕೆಟ್‌ಬಾಲಿಗೆ ಅನುಕೂಲ ಎಂದು ಪತ್ರಿಕೆಯಲ್ಲಿ ಬರೆದ ಕಾಲವೊಂದಿತ್ತು. 1946ರ ನವೆಂಬರ್ 1ರಂದು ಟೊರಾಂಟೊದಲ್ಲಿ, ಮುಂದೆ ಎನ್‌ಬಿಎ ಆದ ಲೀಗಿನ ಮೊದಲ ಪಂದ್ಯದ ಮೊದಲ ಬುಟ್ಟಿ ಹಾಕಿದವರು ನ್ಯೂಯಾರ್ಕಿನ ಆಸಿ ಶೆಕ್ಟ್‌ಮನ್, ಯಹೂದಿ. ಅದೇ ಪಂದ್ಯದಲ್ಲಿ ಟೊರಾಂಟೊ ಪರ ಇಟಲಿಯಲ್ಲಿ ಹುಟ್ಟಿದ ಹ್ಯಾಂಕ್ ಬಿಯಾಸಾಟಿ ಆಡಿದರು. ಅಂದರೆ ಲೀಗಿನಲ್ಲಿ ಪರದೇಶಿ ಆಟಗಾರ ಮೊದಲ ದಿನದಿಂದಲೇ ಇದ್ದ.

ಯಹೂದಿ ಹುಡುಗರ ಮುಂದಿನ ತಲೆಮಾರು ಆ ಕೇರಿಗಳನ್ನು ಬಿಟ್ಟು ಕಾಲೇಜು, ಕಚೇರಿ, ಹೊರವಲಯದ ಮನೆಗಳ ಕಡೆ ಹೋಯಿತು. ದಕ್ಷಿಣದ ಹೊಲಗಳಿಂದ ಉತ್ತರದ ನಗರಗಳಿಗೆ ಬಂದ ಕಪ್ಪು ಕುಟುಂಬಗಳ ಮಕ್ಕಳು ಅದೇ ಬಗೆಯ ಕೇರಿಗಳಲ್ಲಿ, ಅದೇ ಬಗೆಯ ಅಂಗಳಗಳಲ್ಲಿ ಆಡಿ ಬೆಳೆದರು. ಪ್ರತಿಭೆ ಆಗಲೇ ಇತ್ತು: 1939ರಲ್ಲಿ ಷಿಕಾಗೊದಲ್ಲಿ ನಡೆದ ವೃತ್ತಿಪರರ ವಿಶ್ವ ಪಂದ್ಯಾವಳಿಯನ್ನು ಗೆದ್ದದ್ದು ಕಪ್ಪು ಆಟಗಾರರ ನ್ಯೂಯಾರ್ಕ್ ರೆನೈಸಾನ್ಸ್, ಮರುವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್. ಇಲ್ಲದ್ದು ದೊಡ್ಡ ಲೀಗಿನ ಬಾಗಿಲು. ಅದು ಮೊದಲು ಅರೆಬರೆ ತೆರೆದದ್ದು 1947ರಲ್ಲಿ, ಐದಡಿ ಏಳು ಇಂಚಿನ ಜಪಾನಿ ಮೂಲದ ಅಮೆರಿಕನ್ ವ್ಯಾಟ್ ಮಿಸಾಕ ಅವರಿಗೆ; ನ್ಯೂಯಾರ್ಕ್ ಪರ ಮೂರೇ ಪಂದ್ಯ ಆಡಿದರು. 1950ರಲ್ಲಿ ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್, ಅರ್ಲ್ ಲಾಯ್ಡ್ ಬಂದರು. ಆ ವರ್ಷದ ಅಕ್ಟೋಬರ್ 31ರಂದು ಮೂವರಲ್ಲಿ ಮೊದಲು ಅಂಗಳಕ್ಕಿಳಿದವರು ಲಾಯ್ಡ್.

ನಮ್ಮ ಪ್ರಕರಣಕ್ಕೆ ಬೇಕಾದ್ದು ಅವರು ಬಂದ ಮೇಲೆ ಸಿಕ್ಕಿದ ಕೆಲಸ. ಕ್ಲಿಫ್ಟನ್ ಗ್ಲೋಬ್‌ಟ್ರಾಟರ್ಸ್‌ನಲ್ಲಿ ಚೆಂಡನ್ನು ಬೆರಳ ತುದಿಯಲ್ಲಿ ಕುಣಿಸಿದವರು. ನ್ಯೂಯಾರ್ಕಿಗೆ ಬಂದಾಗ ಅಂಥ ಆಟ ಬೇಡ, ರೀಬೌಂಡ್ ಹಿಡಿ, ಎದುರಾಳಿಯನ್ನು ತಡೆ ಎಂಬ ಪಾತ್ರ. ಇದನ್ನು ಅವರು ಮುಂದೆ ಬೇಸರದಿಂದಲೇ ಹೇಳಿಕೊಂಡರು. ಲಾಯ್ಡ್ ಅವರ ಹೆಸರು ಉಳಿದದ್ದೂ ಹೆಚ್ಚಾಗಿ ತಡೆಯುವ ಕೆಲಸಕ್ಕೇ. ಒಳಗೆ ಬರಬಹುದು, ಆದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ನಿನ್ನ ಮುಖ ನೋಡಿ ನಾವು ಹೇಳುತ್ತೇವೆ. ಶಿವಮೊಗ್ಗದ ಅಂಗಳದಲ್ಲಿ ‘ಡ್ರಿಬಲ್ ನಿನಗೆ ಬೇಡ’ ಎಂದಾಗ, ಹೇಳಿದವರಿಗೆ ಕ್ಲಿಫ್ಟನ್ ಯಾರೆಂದು ಗೊತ್ತಿರಲಿಲ್ಲ, ಹುಡುಗನಿಗೂ ಗೊತ್ತಿರಲಿಲ್ಲ.

ತೀರ್ಥಹಳ್ಳಿ ಹುಡುಗನಿಗೆ ಅಂಟಿಸಿದ ‘ಸಾಫ್ಟು’ ಕೂಡ ಆಮದು ಮಾಲೇ. ಯುರೋಪಿನ ಎತ್ತರದ ಆಟಗಾರರು ಹೊರಗಿನಿಂದ ಶೂಟ್ ಮಾಡಲು ಸರಿ, ಒಳಗಿನ ತಳ್ಳಾಟಕ್ಕೆ ಆಗುವುದಿಲ್ಲ ಎಂಬ ಮಾತು ಅಮೆರಿಕದಲ್ಲಿ ದಶಕಗಳ ಕಾಲ ಓಡಾಡಿತು. ಜರ್ಮನಿಯ ಡರ್ಕ್ ನೊವಿಟ್ಸ್ಕಿ 2007ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾದ ಮೇಲೂ ನಿಲ್ಲಲಿಲ್ಲ, 2011ರಲ್ಲಿ ಡಲ್ಲಾಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟ ಮೇಲೆ ಸ್ವಲ್ಪ ತಣ್ಣಗಾಯಿತು. ಸರ್ಬಿಯಾದ ನಿಕೋಲಾ ಯೋಕಿಚ್ ಅವರನ್ನು 2014ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆಯ್ಕೆಯಲ್ಲಿ, 41ನೆಯವರಾಗಿ ಆರಿಸಿದರು. ಆ ಹೊತ್ತಿಗೆ ಟಿವಿಯಲ್ಲಿ ತಿಂಡಿಯ ಜಾಹೀರಾತು ಬರುತ್ತಿತ್ತು. ದಪ್ಪ ಮೈ, ನಿಧಾನ ಕಾಲು ಎಂದು ನಲವತ್ತು ಸಲ ದಾಟಿಸಿದ ಆ ಮನುಷ್ಯ 2021, 2022, 2024ರಲ್ಲಿ ಅತ್ಯಮೂಲ್ಯ ಆಟಗಾರ, ಅದೂ ಸೆಂಟರ್ ಜಾಗದಲ್ಲಿ ನಿಂತು ಗಾರ್ಡ್‌ನಂತೆ ಪಾಸ್ ಕೊಟ್ಟು.

ಜೆರೆಮಿ ಲಿನ್ ಕತೆ ಇನ್ನೊಂದು ದಿಕ್ಕಿನದು. ತೈವಾನ್ ಮೂಲದ ಕುಟುಂಬ. ಶಾಲಾ ತಂಡಕ್ಕೆ 2006ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಪ್ರಶಸ್ತಿ ತಂದುಕೊಟ್ಟ ನಾಯಕ. ಆದರೂ ದೊಡ್ಡ ಕಾಲೇಜುಗಳಿಂದ ಕ್ರೀಡಾ ವಿದ್ಯಾರ್ಥಿವೇತನ ಸಿಗಲಿಲ್ಲ, 2010ರ ಡ್ರಾಫ್ಟಿನಲ್ಲಿ ಯಾರೂ ಆರಿಸಲೂ ಇಲ್ಲ. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ತಂಡದಲ್ಲಿ ಗಾಯಾಳುಗಳು ಹೆಚ್ಚಾಗಿ ಅವಕಾಶ ಸಿಕ್ಕಾಗ ಊರಿಗೆ ಊರೇ ಹುಚ್ಚೆದ್ದಿತು. ಆಗಲೂ ವರದಿಗಾರರು ಅವರನ್ನು ಹೊಗಳಿದ್ದು ಬುದ್ಧಿವಂತ ಎಂದು, ಆ ಮೊದಲ ಹೆಜ್ಜೆಯ ವೇಗದ ಬಗ್ಗೆ ಮಾತು ಕಡಿಮೆ.

ನಮ್ಮ ಘಟ್ಟದಲ್ಲೇ ನಡೆದ ಪ್ರಯೋಗ

ಇಷ್ಟನ್ನು ಕೇಳಿ ತರಬೇತುದಾರರು ಅಂದರು: ಅಮೆರಿಕದ್ದು ಬಿಡಿ, ಸಿದ್ದಿಗಳ ವಿಷಯ ಬೇರೆ, ಸರ್ಕಾರವೇ ಒಪ್ಪಿಕೊಂಡು ಓಟಕ್ಕೆ ತಯಾರು ಮಾಡಿತ್ತಲ್ಲ?

ಅದು ನಿಜ, ಮತ್ತು ಆ ಕತೆಯನ್ನು ನಮ್ಮ ಕಡೆಯವರು ಪೂರ್ತಿ ಹೇಳುವುದು ಕಡಿಮೆ. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು, ಅರಬರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ, ಸೈನಿಕರಾಗಿ ತಂದರು. ಗೋವಾ ಮತ್ತು ಸುತ್ತಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಿನಂಚಿಗೆ ಬಂದು ನೆಲೆಸಿದರು. ಕನ್ನಡ, ಕೊಂಕಣಿ ಆಡುತ್ತಾರೆ. ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಕರ್ನಾಟಕ, ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ ಹಾಸ್ಟೆಲ್‌ಗೆ ತಂದು ಅಥ್ಲೆಟಿಕ್ಸ್ ಹೇಳಿಕೊಟ್ಟರು. ಆಫ್ರಿಕಾ ಮೂಲದವರು ಒಲಿಂಪಿಕ್ಸ್‌ನಲ್ಲಿ ಓಡಿ ಗೆಲ್ಲುತ್ತಾರೆ, ನಮ್ಮಲ್ಲೂ ಆ ಮೂಲದವರಿದ್ದಾರೆ, ಆದ್ದರಿಂದ ಪದಕ: ಇದೇ ಹಿಂದಿನ ಲೆಕ್ಕ. ಮಕ್ಕಳು ಚೆನ್ನಾಗಿಯೇ ಮಾಡಿದರು. ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದರು. 1993ರಲ್ಲಿ ಅವರ ಪಾಲಿನ ತರಬೇತಿ ನಿಂತುಹೋಯಿತು. ಒಬ್ಬ ಓಟಗಾರ ತಯಾರಾಗಲು ಬೇಕಾದ ಹತ್ತು ವರ್ಷವೂ ಅದಕ್ಕೆ ಸಿಗಲಿಲ್ಲ. ಎಷ್ಟೋ ಮಕ್ಕಳು ಊರಿಗೆ ಮರಳಿ ಕೂಲಿಗೆ ಹೋದರು. ಯೋಜನೆ ಕೊಟ್ಟ ಊಟ, ಬೂಟು, ಕೋಚ್ ಅಷ್ಟು ಕೆಲಸ ಮಾಡಿತ್ತು, ಅವು ನಿಂತಾಗ ಓಟವೂ ನಿಂತಿತು. ರಕ್ತ ಅಲ್ಲೇ ಇತ್ತಲ್ಲ? ನನ್ನ ಪ್ರಕಾರ ಇಡೀ ವಾದ ಇಲ್ಲೇ ಬಿದ್ದುಹೋಗುತ್ತದೆ. ತರಬೇತುದಾರರು ಇದಕ್ಕೆ ತಲೆಯಾಡಿಸಿದರು, ಆದರೆ ಪೂರ್ತಿ ಒಪ್ಪಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿದೆ. ಅಮೆರಿಕದ ಕಪ್ಪು ಜನರಲ್ಲಿ ಹೆಚ್ಚಿನವರ ಹಿರಿಯರು ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗದವರು, ಸಿದ್ದಿಗಳ ಹಿರಿಯರು ಪೂರ್ವದವರು. ಜಗತ್ತಿನ ಅತಿ ಎತ್ತರದ ಜನರಲ್ಲಿ ಕೆಲವರು ಆಫ್ರಿಕಾದಲ್ಲಿದ್ದಾರೆ, ಅತಿ ಗಿಡ್ಡ ಜನರಲ್ಲಿ ಕೆಲವರೂ ಅಲ್ಲೇ ಇದ್ದಾರೆ. ಮನುಷ್ಯರ ವಂಶವಾಹಿಯ ವೈವಿಧ್ಯ ಅತಿ ಹೆಚ್ಚಿರುವ ಖಂಡ ಅದು. ಅಷ್ಟೂ ಜನರನ್ನು ಒಂದೇ ಮೈಕಟ್ಟಿಗೆ ಇಳಿಸುವುದು ಕಾಸರಗೋಡಿನವರನ್ನೂ ಕಾಶ್ಮೀರದವರನ್ನೂ ಒಂದೇ ಅಳತೆಯ ಅಂಗಿಗೆ ಹಾಕಿದ ಹಾಗೆ.

ಎತ್ತರದ ಮಾತು ಸುಳ್ಳಲ್ಲ

ಇಲ್ಲಿ ತರಬೇತುದಾರರ ಪರವಾಗಿಯೂ ಒಂದು ಮಾತು ಹೇಳಬೇಕು. ರಿಂಗು ಹತ್ತಡಿ ಮೇಲಿದೆ. ಎನ್‌ಬಿಎ ಆಟಗಾರರ ಸರಾಸರಿ ಎತ್ತರ ಸುಮಾರು ಆರೂವರೆ ಅಡಿ. ಎತ್ತರ ಬಹುಮಟ್ಟಿಗೆ ತಂದೆತಾಯಿಯಿಂದಲೇ ಬರುತ್ತದೆ. ಐದಡಿ ಮೂರು ಇಂಚಿನ ಮಗ್ಸಿ ಬೋಗ್ಸ್ 14 ಸೀಸನ್ ಆಡಿದ್ದು ನಿಜ, ಆದರೆ ಅಂಥವರನ್ನು ತೋರಿಸಿ ಕುಳ್ಳ ಮಕ್ಕಳಿಗೆ ಸುಳ್ಳು ಆಸೆ ಹುಟ್ಟಿಸುವ ಪೈಕಿ ನಾನಲ್ಲ.

ದಕ್ಷಿಣ ಸುಡಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಡಿಂಕಾ ಜನ ಎತ್ತರಕ್ಕೆ ಹೆಸರಾದವರು. ಏಳಡಿ ಏಳು ಇಂಚಿನ ಮನೂಟ್ ಬೋಲ್ 1985ರಲ್ಲೇ ಎನ್‌ಬಿಎಗೆ ಬಂದಿದ್ದರು. 2011ರಲ್ಲಿ ಸ್ವತಂತ್ರವಾದ ಆ ದೇಶ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಂತು, ಅದಕ್ಕೂ ಮುಂಚೆ ಲಂಡನ್ನಿನ ಅಭ್ಯಾಸ ಪಂದ್ಯದಲ್ಲಿ ಅಮೆರಿಕಕ್ಕೆ 101-100ರಲ್ಲಿ ಒಂದೇ ಅಂಕದಿಂದ ಸೋತಿತು. ಎತ್ತರ ಅಲ್ಲಿ ಶತಮಾನಗಳಿಂದ ಇತ್ತು. ತಂಡ ಹುಟ್ಟಿದ್ದು ಯುದ್ಧದಿಂದ ಓಡಿದ ಕುಟುಂಬಗಳ ಮಕ್ಕಳು ಆಸ್ಟ್ರೇಲಿಯಾ, ಅಮೆರಿಕದಂಥ ಕಡೆ ಶಾಲೆಯ ಅಂಗಳಗಳಲ್ಲಿ ಬೆಳೆದ ಮೇಲೆ, ಅಲ್ಲಿ ವೃತ್ತಿಪರರಾದ ಮೇಲೆ, ಮತ್ತು ಮಾಜಿ ಎನ್‌ಬಿಎ ಆಟಗಾರ ಲುವೋಲ್ ಡೆಂಗ್ ಫೆಡರೇಷನ್ನಿನ ಹೊಣೆ ಹೊತ್ತ ಮೇಲೆ. ನೈಜೀರಿಯಾದ ಹಕೀಮ್ ಒಲಾಜುವನ್ ಹದಿಹರೆಯದ ನಡುವಿನವರೆಗೆ ಹ್ಯಾಂಡ್‌ಬಾಲ್, ಫುಟ್ಬಾಲ್ ಆಡುತ್ತಿದ್ದವರು. 1984ರ ಡ್ರಾಫ್ಟಿನಲ್ಲಿ ಮೊದಲನೆಯವರು. ಕ್ಯಾಮರೂನಿನ ಜೋಯೆಲ್ ಎಂಬೀಡ್ ವಾಲಿಬಾಲ್ ಹುಡುಗ. ಇಬ್ಬರನ್ನೂ ಯಾರೋ ನೋಡಿದರು, ಕರೆದರು, ಮತ್ತು ಮುಖ್ಯವಾಗಿ ಕಾಲು ಎಲ್ಲಿಡಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಕಲಿಸಿದರು. ‘ರಕ್ತದಲ್ಲೇ ಇದೆ’ ಎಂದು ಸುಮ್ಮನೆ ಬಿಡಲಿಲ್ಲ.

ಹಾಗಿದ್ದರೆ ಎತ್ತರ ನೋಡಿ ಆರಿಸಿ, ಅದು ಸರಿ. ಆದರೆ ಈ ಪ್ರಕರಣದಲ್ಲಿ ಎತ್ತರ ಇದ್ದದ್ದು ತೀರ್ಥಹಳ್ಳಿಯವನಿಗೆ!

ಲೀಗುಗಳ ನಿಯಮ, ಊರುಗಳ ಅಂಗಳ

2024-25ರ ಸೀಸನ್ ಶುರುವಾದಾಗ ಎನ್‌ಬಿಎ ಪಟ್ಟಿಯಲ್ಲಿ 43 ದೇಶಗಳ 125 ಅಂತರರಾಷ್ಟ್ರೀಯ ಆಟಗಾರರಿದ್ದರು. 30 ತಂಡ, ತಂಡಕ್ಕೆ 15ರಂತೆ ಲೆಕ್ಕ ಹಾಕಿದರೆ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು. 2019ರಿಂದ 2025ರವರೆಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಒಂದೂ ಅಮೆರಿಕದಲ್ಲಿ ಹುಟ್ಟಿದವರಿಗೆ ಹೋಗಿಲ್ಲ: ಗ್ರೀಸ್, ಸರ್ಬಿಯಾ, ಕ್ಯಾಮರೂನ್, ಕೆನಡಾ. ಗ್ರೀಸಿನ ಯಾನಿಸ್ ಆಂಟೆಟೊಕೂನ್‌ಪೊ ಅಥೆನ್ಸಿನಲ್ಲೇ ಹುಟ್ಟಿದರೂ ನೈಜೀರಿಯಾದಿಂದ ಬಂದ ತಂದೆತಾಯಿಯ ಮಗ. 2013ರವರೆಗೆ ಅವರಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ.

ಎನ್‌ಬಿಎಯಲ್ಲಿ ಹೊರದೇಶದವರಿಗೆ ಸಂಖ್ಯೆಯ ಮಿತಿ ಇಲ್ಲ. ಬೇರೆ ಹಲವು ಲೀಗುಗಳಲ್ಲಿ ಇದೆ. ಏಷ್ಯಾದ ಲೀಗುಗಳಲ್ಲಿ ವಿದೇಶಿ ಜಾಗ ಎರಡೋ ಮೂರೋ ಇದ್ದಾಗ ತಂಡಗಳು ಅದನ್ನು ಹೆಚ್ಚಾಗಿ ದೈತ್ಯ ಸೆಂಟರ್‌ಗಳಿಂದ ತುಂಬಿದವು, ಸ್ಥಳೀಯ ಎತ್ತರದ ಹುಡುಗರು ಬೆಂಚಿನಲ್ಲಿ ಕೂತರು. ಕೊರಿಯಾದ ಲೀಗ್ 2018-19ಕ್ಕೆ ವಿದೇಶಿಯರಿಗೆ ಎರಡು ಮೀಟರ್ ಎತ್ತರದ ಮಿತಿ ಹಾಕಿತು. ಆಟಗಾರರು ಬರಿಗಾಲಲ್ಲಿ ನಿಂತು ಅಳೆಸಿಕೊಂಡರು, ಎರಡು ಸೆಂಟಿಮೀಟರ್ ಹೆಚ್ಚಾದದ್ದಕ್ಕೆ ಡೇವಿಡ್ ಸೈಮನ್ ಜಾಗ ಕಳೆದುಕೊಂಡರು. ನಗೆಪಾಟಲಾಗಿ ಮುಂದಿನ ಸೀಸನ್ನಿಗೇ ನಿಯಮ ಹೋಯಿತು. ನಮ್ಮ ಮಲೆನಾಡಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಗಳಲ್ಲಿ ದುಡ್ಡು ಕೊಟ್ಟು ಕರೆಸಿದ ಹೊಡೆತಗಾರ ಬಂದರೆ ಊರಿನ ಹುಡುಗ ಚೆಂಡು ಎತ್ತಿಕೊಡುವ ಲಿಫ್ಟರ್ ಆಗಿಯೇ ಉಳಿಯುತ್ತಾನಲ್ಲ, ಅದೇ ಕತೆ.

ದೇಶಗಳ ಪಟ್ಟಿ ಬದಲಾದದ್ದು ಯಾವಾಗ ಎಂದು ನೋಡಿದರೆ ಕಾರಣ ತಾನಾಗಿ ಸಿಗುತ್ತದೆ. 1989ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ವೃತ್ತಿಪರರಿಗೂ ತನ್ನ ಪಂದ್ಯಗಳಲ್ಲಿ ಆಡಲು ಬಿಟ್ಟಿತು; ಆ ತೀರ್ಮಾನದ ಹಿಂದೆ ಇದ್ದವರು ಯುಗೊಸ್ಲಾವಿಯಾದ ಬೊರಿಸ್ಲಾವ್ ಸ್ಟಾಂಕೊವಿಚ್. ಅದೇ ವರ್ಷ ದ್ರಾಜೆನ್ ಪೆಟ್ರೊವಿಚ್, ವ್ಲಾದೆ ದಿವಾಟ್ಸ್, ಲಿಥುವೇನಿಯಾದ ಮಾರ್ಚುಲಿಯೊನಿಸ್ ಎನ್‌ಬಿಎಗೆ ಹೋದರು. ಟೊರಾಂಟೊಗೆ 1995ರಲ್ಲಿ ಮತ್ತೆ ತಂಡ ಬಂತು, ಅದನ್ನು ನೋಡಿ ಬೆಳೆದ ಕೆರಿಬಿಯನ್ ಮೂಲದ ವಲಸೆಗಾರರ ಮಕ್ಕಳು ಇವತ್ತು ಎನ್‌ಬಿಎ ಆಟಗಾರರ ಸಂಖ್ಯೆಯಲ್ಲಿ ಕೆನಡಾವನ್ನು ಅಮೆರಿಕದ ನಂತರದ ಸ್ಥಾನದಲ್ಲಿ ಇಟ್ಟಿದ್ದಾರೆ.

ಸ್ಲೊವೇನಿಯಾ ದೇಶದ ಜನಸಂಖ್ಯೆ ಸುಮಾರು 21 ಲಕ್ಷ. ಶಿವಮೊಗ್ಗ ಜಿಲ್ಲೆಯದು 2011ರ ಗಣತಿಯಲ್ಲಿ 17.5 ಲಕ್ಷ. ಆ ದೇಶ 2017ರಲ್ಲಿ ಯುರೋಪ್ ಚಾಂಪಿಯನ್ ಆಯಿತು, ತಂಡದಲ್ಲಿ 18 ವರ್ಷದ ಲೂಕಾ ಡೊನ್ಚಿಚ್ ಇದ್ದರು. ಅವರು 13ನೆಯ ವಯಸ್ಸಿಗೆ ರಿಯಲ್ ಮ್ಯಾಡ್ರಿಡ್ ಸೇರಿದವರು. ಅದಕ್ಕೂ ಮುಂಚೆ ಲ್ಯುಬ್ಲಿಯಾನಾದ ಕ್ಲಬ್ಬಿನಲ್ಲಿ ತನಗಿಂತ ದೊಡ್ಡವರೊಂದಿಗೆ ಆಡಿ ಬೆಳೆದರು. ಚಿಕ್ಕ ಊರುಗಳಲ್ಲೂ ಕ್ಲಬ್ಬು, ಕ್ಲಬ್ಬಿಗೆ ಸೂರಿನ ಕೆಳಗಿನ ಅಂಗಳ, ಓದಿಕೊಂಡ ತರಬೇತುದಾರರು, ಎತ್ತರದವನಿಗೂ ಡ್ರಿಬಲ್ ಕುಳ್ಳನಿಗೂ ರೀಬೌಂಡ್ ಕಲಿಸುವ ಹಳೆಯ ಯುಗೊಸ್ಲಾವ್ ಪದ್ಧತಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತದೆ. ವರ್ಷದ ಮೂರನೆಯ ಒಂದು ಪಾಲು ಹೀಗೆ ಹೋದರೆ ಉಳಿದ ಪಾಲು ಪರೀಕ್ಷೆ ಮತ್ತು ಜಾತ್ರೆಗೆ. ಹುಡುಗಿಯರ ತಂಡದ ಪಾಡು ಕೇಳುವುದೇ ಬೇಡ, ಕತ್ತಲಾಗುವ ಮುಂಚೆ ಹಾಸ್ಟೆಲ್ ಸೇರಬೇಕು.

ಭಾರತದ ಲೆಕ್ಕಕ್ಕೂ ಇದೇ ಹೊಂದುತ್ತದೆ. ಪಂಜಾಬಿನ ಬಲ್ಲೊ ಕೆ ಗ್ರಾಮದ ಏಳಡಿ ಎರಡು ಇಂಚಿನ ಸತ್ನಾಮ್ ಸಿಂಗ್ ಭಮಾರ 2015ರಲ್ಲಿ ಡಲ್ಲಾಸ್ ತಂಡದಿಂದ 52ನೆಯವರಾಗಿ ಆಯ್ಕೆಯಾದರು, ಆದರೆ ಎನ್‌ಬಿಎ ಲೀಗ್ ಪಂದ್ಯದಲ್ಲಿ ಇಳಿಯಲಾಗಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಪರ ಆಡಿ ಭಾರತೀಯ ಮೂಲದ ಮೊದಲಿಗನಾದ ಸಿಮ್ ಭುಲ್ಲರ್ ಕೂಡ ಪಂಜಾಬಿ ಕುಟುಂಬದವರೇ, ಆದರೆ ಹುಟ್ಟಿ ಬೆಳೆದದ್ದು ಕೆನಡಾದಲ್ಲಿ.

ಆಮೇಲೆ ಮಾಡಿದ್ದು

ಮಾತುಕತೆಯಲ್ಲಿ ಹುಡುಗ ಮೊದಲು ಬಾಯಿ ಬಿಡಲಿಲ್ಲ. ತರಬೇತುದಾರರು ಹೊರಗೆ ಹೋದ ಮೇಲೆ ಹೇಳಿದ: ‘ಸರ್, ನನಗೆ ಆಟ ಬರಲ್ಲ ಅಂತ ಹೇಳೋಕೂ ಬಿಡ್ತಿರಲಿಲ್ಲ. ಬರತ್ತೆ ಅಂತ ಅವರೇ ತೀರ್ಮಾನ ಮಾಡಿದ್ರು. ಬರದೇ ಇದ್ದಾಗ ನಾನು ಸೋಮಾರಿ ಅಂತ ಆಯ್ತು.’ ಗ್ಯಾಲರಿಯ ಕೂಗಿನ ಬಗ್ಗೆ ಕೇಳಿದರೆ ಅಭ್ಯಾಸ ಆಗಿದೆ ಅಂದ. ಬಸ್ಸಿನಲ್ಲಿ ಕಂಡಕ್ಟರು ತನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ತಾನು ಕನ್ನಡದಲ್ಲಿ ಟಿಕೆಟ್ ಕೇಳಿದರೆ ಇಡೀ ಬಸ್ಸು ತಿರುಗಿ ನೋಡುತ್ತದೆ ಎಂದೂ ಹೇಳಿದ. ‘ಶೂಟಿಂಗ್ ಸಾಲಲ್ಲಿ ನಿಲ್ಲಿಸದೇ ಇದ್ದದ್ದು ಅದಕ್ಕಿಂತ ಬೇಜಾರಾಯ್ತು’ ಎಂಬುದನ್ನು ಮಾತ್ರ ಎರಡು ಸಲ ಹೇಳಿದ.

ಕಾಲೇಜು ಕೂಗಿನ ವಿಷಯಕ್ಕೆ ಒಂದು ಸುತ್ತೋಲೆ ಹೊರಡಿಸಿತು. ಸುತ್ತೋಲೆಯಿಂದ ಗ್ಯಾಲರಿ ಬದಲಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಮುಂದಿನ ವರ್ಷ ತಂಡದ ಹುಡುಗರೇ ಕೂಗಿದವರ ಹತ್ತಿರ ಹೋಗಿ ಬಾಯಿ ಮುಚ್ಚಿಸಿದರು, ಅದು ಹೆಚ್ಚು ಕೆಲಸ ಮಾಡಿತು.

ತರಬೇತುದಾರರು ಮಾಡಿದ ಬದಲಾವಣೆ ನನಗೆ ಹಿಡಿಸಿತು, ಏಕೆಂದರೆ ಅದಕ್ಕೆ ಭಾಷಣ ಬೇಕಿರಲಿಲ್ಲ. ಆಯ್ಕೆಗೆ ಒಂದು ಹಾಳೆ ತಂದರು: ಬರಿಗಾಲಿನ ಎತ್ತರ, ಕೈ ಮೇಲೆತ್ತಿದಾಗಿನ ಎತ್ತರ, ನಿಂತಲ್ಲಿಂದ ಜಿಗಿತ, ಷಟಲ್ ಓಟ, ಎರಡೂ ಕೈಯ ಡ್ರಿಬಲ್, ಇಪ್ಪತ್ತು ಫ್ರೀ ಥ್ರೋಗಳಲ್ಲಿ ಬಿದ್ದದ್ದು. ಮೊದಲ ಎರಡು ತಿಂಗಳು ಎಲ್ಲರೂ ಎಲ್ಲ ಜಾಗದಲ್ಲಿ ಆಡಬೇಕು, ಆಮೇಲೆ ಜಾಗ ಹಂಚುವುದು. ಸಿದ್ದಿ ಹುಡುಗ ಎರಡನೆಯ ವರ್ಷ ಮರಳಿ ಬಂದ. ಹಾಳೆಯ ಪ್ರಕಾರ ಜಿಗಿತದಲ್ಲಿ ಮೊದಲಿಗ, ಫ್ರೀ ಥ್ರೋದಲ್ಲಿ ಕೊನೆಯವರ ಪೈಕಿ. ಫುಟ್ಬಾಲ್ ಆಡಿದ್ದರಿಂದಲೋ ಏನೋ ಅಂಗಳದ ಖಾಲಿ ಜಾಗ ಅವನಿಗೆ ಬೇಗ ಕಾಣುತ್ತಿತ್ತು. ಗಾರ್ಡ್ ಆದ. ಎಡಗೈ ಡ್ರಿಬಲ್ ಇವತ್ತಿಗೂ ದುರ್ಬಲವೇ, ಬಲಕ್ಕೇ ಓಡುತ್ತಾನೆ ಎಂದು ಗೊತ್ತಾದ ಎದುರಾಳಿಗಳು ಆ ಕಡೆ ಗೋಡೆ ಕಟ್ಟುತ್ತಾರೆ. ತೀರ್ಥಹಳ್ಳಿಯವನು ಸೆಂಟರ್ ಆಗಿ ಮೊದಲ ತಿಂಗಳು ಪಕ್ಕೆಲುಬು ನೋವೆಂದು ಗೊಣಗಿದ, ಆಮೇಲೆ ಮೊಣಕೈ ಕೊಡುವುದನ್ನೂ ಕಲಿತ.

ತಂಡ ಆ ವರ್ಷ ಸೆಮಿಫೈನಲ್‌ನಲ್ಲಿ ಸೋತಿತು. ಹುಡುಗ ಈಗ ಅಂತಿಮ ವರ್ಷದಲ್ಲಿ ಪೊಲೀಸ್ ನೇಮಕಾತಿಗೆ ಓಡುತ್ತಿದ್ದಾನೆ, ಸಂಜೆ ಆಟಕ್ಕೂ ಬರುತ್ತಾನೆ. ತರಬೇತುದಾರರಿಗೂ ನನಗೂ ವಾದ ಮುಗಿದಿಲ್ಲ. ಸ್ಲೊವೇನಿಯಾದ ಮಾತನ್ನು ಅವರು ಒಪ್ಪಿದ್ದಾರೆ, ಕಾಲೇಜಿಗೆ ಅಂಗಳದ ಮೇಲೆ ಶೀಟು ಹಾಕಿಸಿಕೊಡಿ ಎಂದು ಅರ್ಜಿಯನ್ನೂ ಕೊಟ್ಟಿದ್ದಾರೆ. ಪಂಜಾಬಿನ ವಿಷಯ ಬಂದರೆ ಮಾತ್ರ ‘ಅದು ಗೋಧಿ ಮತ್ತು ಹಾಲಿನ ರಕ್ತ ಸಾರ್, ನಮ್ಮ ಗಂಜಿ ಕುಡಿದವರಿಗೆ ಬರಲ್ಲ’ ಎನ್ನುತ್ತಾರೆ. ಬಲ್ಲೊ ಕೆ ಹುಡುಗನಿಗೆ ಲುಧಿಯಾನಾದ ಅಕಾಡೆಮಿ ಇತ್ತು, ಹದಿಹರೆಯದಲ್ಲೇ ಫ್ಲಾರಿಡಾಕ್ಕೆ ಕಳಿಸಿದ ವಿದ್ಯಾರ್ಥಿವೇತನ ಇತ್ತು ಎಂದು ನಾನು. ಅವನ ಅಪ್ಪನೂ ಏಳಡಿ ಇದ್ದನಲ್ಲ ಎಂದು ಅವರು.